ಹಿಮನದಿಯ ಗಡಿ ಗುರುತಿಸುವ ಬಗೆ



ಊರಿನಿಂದ ಅಪ್ಪ ಅಮ್ಮ ಬಂದರೆ ಕ್ಯಾಲ್ಗರಿಯ ನಾವೆಲ್ಲ ಅವರನ್ನು ಅಥಬಾಸ್ಕ ಹಿಮನದಿ ತೋರಿಸಲು ಕರೆದೊಯ್ಯುತ್ತೇವೆ. ಅಲ್ಲಿನ ಕಾಲುದಾರಿಯಲ್ಲಿ ಇಸವಿ ಬರೆದ ಫಲಕಗಳಿವೆ. ಆ ವರ್ಷ ಹಿಮ ಅಲ್ಲಿಯವರೆಗೆ ಇತ್ತು ಎಂದರ್ಥ. ಸುಮಾರು 125 ವರ್ಷಗಳಲ್ಲಿ ಅದು ಒಂದೂವರೆ ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ.

ಫಲಕ ಹೇಳುವುದು ಹಿಮನದಿಯ ತುದಿಯೊಂದರ ಕಥೆ. ಸುತ್ತಲಿನ ಪೂರ್ತಿ ಗಡಿ ತಿಳಿಯಬೇಕಾದರೆ ಮೇಲಿನಿಂದಲೇ ನೋಡಬೇಕು. 1972ರಲ್ಲಿ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ ಹಾರಿತು. ಅಂದಿನಿಂದ ಆ ಸರಣಿಯ ಉಪಗ್ರಹಗಳು ಒಂದೇ ಜಾಗದ ಚಿತ್ರವನ್ನು ಮತ್ತೆ ಮತ್ತೆ ತೆಗೆಯುತ್ತಾ ಬಂದಿವೆ. 2008ರಿಂದ ಈ ಚಿತ್ರಗಳು ಎಲ್ಲರಿಗೂ ಉಚಿತ.

ಗಡಿ ಎಳೆಯುವುದು ಹೇಗೆ? ನಮ್ಮ ಕಣ್ಣಿಗೆ ಹಿಮವೂ ಬಿಳಿ, ಮೋಡವೂ ಬಿಳಿ. ಆದರೆ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಒಂದು ಪಟ್ಟಿಯನ್ನು ಹಿಮ ಹೀರಿಕೊಂಡು ಕಪ್ಪಾಗಿ ಕಾಣುತ್ತದೆ. ಕೆಂಪು ಬೆಳಕಿನ ಅಳತೆಯನ್ನು ಈ ಅಳತೆಯಿಂದ ಭಾಗಿಸಿದರೆ ಹಿಮವಿರುವ ಕಡೆ ದೊಡ್ಡ ಸಂಖ್ಯೆ ಬರುತ್ತದೆ, ಬಂಡೆಯಿರುವ ಕಡೆ ಚಿಕ್ಕದು. ಇಷ್ಟು ಕೆಲಸ ಕಂಪ್ಯೂಟರಿನದು.

ಉಳಿದದ್ದಕ್ಕೆ ಮನುಷ್ಯರೇ ಬೇಕು. ಹೊಸ ಹಿಮ ಬಿದ್ದರೆ ಅಂಚು ಮುಚ್ಚಿಹೋಗುತ್ತದೆ, ಆದ್ದರಿಂದ ಬೇಸಿಗೆಯ ಕೊನೆಯ ಚಿತ್ರವನ್ನೇ ಆರಿಸಬೇಕು. ಕಲ್ಲುಮಣ್ಣು ಹೊದ್ದ ಹಿಮವನ್ನು ಕಂಪ್ಯೂಟರು ಬಂಡೆಯೆಂದೇ ತಿಳಿಯುತ್ತದೆ. ಅಲ್ಲಿ ಕೈಯಿಂದಲೇ ಗೆರೆ ಎಳೆಯಬೇಕು. ಗಂಗೋತ್ರಿಯ ಕೆಳಭಾಗವೂ ಹೀಗೆಯೇ ಕಲ್ಲು ಹೊದ್ದದ್ದು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ನಮ್ಮ ಇಸ್ರೋ ಕೂಡ ಹಿಮಾಲಯದ ಹಿಮನದಿಗಳನ್ನು ಉಪಗ್ರಹ ಚಿತ್ರಗಳಿಂದ ಗುರುತಿಸುತ್ತಾ ಬಂದಿದೆ.

ಇನ್ನೊಂದು ಎಚ್ಚರಿಕೆ. ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕಿ ನೆಲದ ಮೇಲೆ ಸಾಮಾನ್ಯವಾಗಿ 30 ಮೀಟರ್. ಒಂದೇ ವರ್ಷದ ಸಣ್ಣ ವ್ಯತ್ಯಾಸ ನೋಡಿ ತೀರ್ಪು ಕೊಡಬಾರದು. ಹತ್ತಿಪ್ಪತ್ತು ವರ್ಷಗಳ ಗೆರೆಗಳನ್ನು ಒಂದರ ಮೇಲೊಂದು ಇಟ್ಟಾಗಲೇ ನಿಜ ಕಾಣುವುದು.

ಇದರಿಂದ ನಮಗೇನು ಎಂದು ಕೇಳಬಹುದು. ನಮ್ಮ ನಲ್ಲಿಯ ನೀರು ಬೋ ಮತ್ತು ಎಲ್ಬೋ ನದಿಗಳದ್ದು. ಅದರಲ್ಲಿ ಬಹುಪಾಲು ಆಯಾ ವರ್ಷದ ಹಿಮ ಮತ್ತು ಮಳೆ. ಬೋ ನದಿಯಲ್ಲಿ ಹಿಮನದಿಯ ಪಾಲು ವರ್ಷದ ಲೆಕ್ಕದಲ್ಲಿ ಚಿಕ್ಕದೇ. ಆದರೆ ಮಳೆ ಕೈಕೊಟ್ಟ ಬಿಸಿಲಿನ ಆಗಸ್ಟ್‌ನಲ್ಲಿ ಕೈಹಿಡಿಯುವುದು ಆ ಪಾಲೇ. ಅದು ಅಜ್ಜಿ ಸೆರಗಿನಲ್ಲಿ ಕಟ್ಟಿಟ್ಟ ಇಡಗಂಟಿನ ಹಾಗೆ. ಆ ಗಂಟು ಈಗ ಕರಗುತ್ತಿದೆ.

ಊರಿನ ಶಾಲೆಗಳ ಕುಡಿಯುವ ನೀರಿಗೆಂದು ಈ ಸಂಜೆ ನಾವು ನಿಧಿ ಕೂಡಿಸುತ್ತಿದ್ದೇವೆ. ಅಲ್ಲಿ ಬತ್ತಿದ ಬಾವಿ, ಇಲ್ಲಿ ಸರಿಯುವ ಹಿಮ. ನೀರಿನ ಬೆಲೆ ಎರಡೂ ಕಡೆ ಒಂದೇ. ಕೈಲಾದಷ್ಟು ಕೊಡಿ. ಮುಂದಿನ ಬೇಸಿಗೆಯಲ್ಲಿ ಮಕ್ಕಳನ್ನು ಆ ಫಲಕಗಳ ದಾರಿಯಲ್ಲಿ ನಡೆಸಿಕೊಂಡು ಹೋಗಿ.