ಯಾವ ಬೆಳೆ, ಎಷ್ಟು ಎಕರೆ?

ಎಕರೆಗೆ ಯಾವುದರಲ್ಲಿ ಲಾಭ ಹೆಚ್ಚೋ ಆ ಬೆಳೆಯನ್ನೇ ಹಾಕುವುದು ನಮ್ಮಲ್ಲಿ ರೂಢಿ. ಈ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ.

ಒಬ್ಬ ರೈತರಿಗೆ 5 ಎಕರೆ ನೀರಾವರಿ ಜಮೀನಿದೆ. ಕೈಯಲ್ಲಿ 1,10,000 ರೂಪಾಯಿ ಇದೆ ಎನ್ನೋಣ. ಎಕರೆ ರಾಗಿಗೆ ಖರ್ಚು 10,000, ನಿವ್ವಳ ಲಾಭ 12,000. ಟೊಮೆಟೊಗೆ ಖರ್ಚು 40,000, ಲಾಭ 30,000 ಎಂದಿಟ್ಟುಕೊಳ್ಳಿ.

ಟೊಮೆಟೊ ಒಂದನ್ನೇ ಹಾಕಿದರೆ ಎರಡೂಮುಕ್ಕಾಲು ಎಕರೆಗೇ ಹಣ ಮುಗಿದು ಉಳಿದ ನೆಲ ಬೀಳು ಬೀಳುತ್ತದೆ. ಲಾಭ 82,500. ರಾಗಿ ಒಂದನ್ನೇ ಬೆಳೆದರೆ 60,000. ರಾಗಿ 3 ಎಕರೆ, ಟೊಮೆಟೊ 2 ಎಕರೆ ಹಾಕಿದರೆ ನೆಲವೂ ಹಣವೂ ಪೂರ್ತಿ ಬಳಕೆಯಾಗಿ ಲಾಭ 96,000!

ಮಿತಿಗಳನ್ನು ಮೊದಲು ಬರೆದುಕೊಂಡು, ಅವುಗಳೊಳಗೆ ಗರಿಷ್ಠ ಲಾಭ ಹುಡುಕುವ ಈ ಗಣಿತಕ್ಕೆ ಲೀನಿಯರ್ ಪ್ರೋಗ್ರಾಮಿಂಗ್ ಎಂದು ಹೆಸರು. ನೀರು, ಆಳುಗಳ ಮಿತಿಯನ್ನೂ ಹೀಗೆಯೇ ಸೇರಿಸಬಹುದು. ಬೆಳೆಗಳೂ ಮಿತಿಗಳೂ ಹೆಚ್ಚಾದಾಗ ಲೆಕ್ಕ ಬಿಡಿಸಲು ಅಮೆರಿಕದ ಜಾರ್ಜ್ ಡಾಂಟ್ಸಿಗ್ 1947ರಲ್ಲಿ ಸಿಂಪ್ಲೆಕ್ಸ್ ವಿಧಾನವನ್ನು ರೂಪಿಸಿದರು. ಇಂದು ಕಂಪ್ಯೂಟರ್ ಅದನ್ನು ಕ್ಷಣದಲ್ಲಿ ಮಾಡಿಕೊಡುತ್ತದೆ.

ಇನ್ನು ಸಾಲದ ಮಾತು. 30,000 ರೂಪಾಯಿ ಸಾಲ ತಂದು, ಒಂದೆಕರೆ ರಾಗಿಯ ಬದಲು ಟೊಮೆಟೊ ಹಾಕಿದರೆ ಲಾಭ 18,000 ಹೆಚ್ಚುತ್ತದೆ. ಬಡ್ಡಿ ಅದಕ್ಕಿಂತ ಕಡಿಮೆಯಿದ್ದರೆ ಮಾತ್ರ ಸಾಲ ಲಾಭದಾಯಕ. ಆದರೆ ಬೆಲೆ ಕುಸಿದು ಟೊಮೆಟೊ ಲಾಭ ಎಕರೆಗೆ 12,000ಕ್ಕಿಂತ ಕೆಳಗಿಳಿದರೆ, ಐದೆಕರೆಗೂ ರಾಗಿಯೇ ಲೇಸು. ಆದ್ದರಿಂದ ಸಾಲಕ್ಕೆ ಸಹಿ ಹಾಕುವ ಮುನ್ನ, ಕಡಿಮೆ ಬೆಲೆಯನ್ನೂ ಹಿಡಿದು ಇನ್ನೊಮ್ಮೆ ಲೆಕ್ಕ ಹಾಕಿರಿ.

ಇದಕ್ಕೆಲ್ಲ ಆಧಾರ ನಿಮ್ಮ ಜಮಾಖರ್ಚಿನ ಪುಸ್ತಕ. ಈ ಹಂಗಾಮಿನಿಂದಲೇ ಬರೆದಿಡಿ.