ಮಾತು ನಿಂತಿದೆ, ಅರಿವು ನಿಂತಿಲ್ಲ

(ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಶರಣ ಬಂಧುಗಳ ಮುಂದೆ ಮಾಡಿದ ಭಾಷಣ)

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ನನ್ನ ಮಾತು ನಿಧಾನ. ನಡುವೆ ನಿಲ್ಲುತ್ತದೆ. ಪದ ಸಿಗದೆ ತಡಕಾಡುತ್ತೇನೆ. ಆಗ ಯಾರೂ ಪದ ಎತ್ತಿಕೊಡಬೇಡಿ, ಸ್ವಲ್ಪ ಕಾಯಿರಿ. ಮಗಳ ಜೊತೆ ಕೂತು ಹದಿನೈದು ದಿನ ಇದನ್ನು ಬರೆದಿದ್ದೇನೆ. ನೋಡಿಕೊಂಡೇ ಓದುತ್ತೇನೆ.

ನಿಮ್ಮಲ್ಲಿ ಅನೇಕರಿಗೆ ನಾನು ಗೊತ್ತು. ಮಧುಗಿರಿ ತಾಲ್ಲೂಕಿನ ಶಾಲೆಗಳಲ್ಲಿ ಮೇಷ್ಟ್ರಾಗಿದ್ದವನು. ಬಸವ ಜಯಂತಿ ಬಂದರೆ ನಿರೂಪಣೆ ನನ್ನದೇ. ಮೈಕು ಕೈಗೆ ಬಂದರೆ ಬಿಡುವುದಿಲ್ಲ ಅಂತ ನೀವೇ ನಗುತ್ತಿದ್ದಿರಿ.

ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಮನೆಯವಳನ್ನು ನೀರು ಕೇಳಲು ಹೋದೆ. ಬಾಯಿಗೆ ಬಂದದ್ದು "ಬಾಗಿಲು". ಮತ್ತೆ ಕೇಳಿದೆ, ಮತ್ತೆ "ಬಾಗಿಲು". ಬಲಗೈ ಜೋತುಬಿದ್ದಿತ್ತು. ಲಕ್ವ ಹೊಡೆದಿತ್ತು. ಅಕ್ಕಪಕ್ಕದವರು ಸೇರಿ ಯಾವ ಊರಿನ ನಾಟಿ ಔಷಧ ಒಳ್ಳೆಯದು, ಪಾರಿವಾಳದ ರಕ್ತ ಎಲ್ಲಿ ಹಚ್ಚುತ್ತಾರೆ ಅಂತ ಚರ್ಚೆ ಮಾಡುತ್ತಿದ್ದಾಗ ಹೊತ್ತು ಹೋಯಿತು. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದರೆ, ಅದನ್ನು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾನು ತುಮಕೂರು ಮುಟ್ಟುವಾಗ ಆ ಸಮಯ ದಾಟಿತ್ತು. ಮುಖ ಸೊಟ್ಟಗಾದರೆ, ಕೈ ಬಿದ್ದುಹೋದರೆ, ಮಾತು ತೊದಲಿದರೆ ಚರ್ಚೆ ಬೇಡ. 108ಕ್ಕೆ ಫೋನ್ ಮಾಡಿ.

ಕಾಲು ಬೇಗ ಸುಧಾರಿಸಿತು, ಮಾತು ಸುಧಾರಿಸಲಿಲ್ಲ. ಇದಕ್ಕೆ ಡಾಕ್ಟರರು ಅಫೇಸಿಯಾ ಅನ್ನುತ್ತಾರೆ. ನಾಲಿಗೆಗೆ ಬಂದ ರೋಗವಲ್ಲ ಇದು. ಹೆಚ್ಚಿನವರಿಗೆ ಭಾಷೆಯ ಕೆಲಸ ನಡೆಯುವುದು ಮಿದುಳಿನ ಎಡಭಾಗದಲ್ಲಿ. ಅಲ್ಲಿಗೆ ಪೆಟ್ಟು ಬಿದ್ದರೆ ಬಲಗೈ, ಬಲಗಾಲಿನ ಜೊತೆಗೆ ಮಾತೂ ಹೋಗಬಹುದು. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಒಬ್ಬ ರೋಗಿಯನ್ನು ಕಂಡರು. ಏನು ಕೇಳಿದರೂ ಅವನ ಬಾಯಲ್ಲಿ ಬರುತ್ತಿದ್ದದ್ದು "ತಾನ್" ಒಂದೇ. ಆದರೆ ಕೇಳಿದ್ದರಲ್ಲಿ ಬಹುಪಾಲು ಅವನಿಗೆ ಅರ್ಥವಾಗುತ್ತಿತ್ತು. ಅವನು ಸತ್ತ ಮೇಲೆ ನೋಡಿದರೆ ಮಿದುಳಿನ ಎಡಭಾಗದ ಮುಂದಿನ ಕಡೆ ಹಾಳಾಗಿತ್ತು. ಇನ್ನು ಕೆಲವರು ಸರಾಗವಾಗಿ ಮಾತಾಡುತ್ತಾರೆ, ಆದರೆ ಮಾತಿಗೆ ಅರ್ಥ ಕೂಡುವುದಿಲ್ಲ, ಬೇರೆಯವರು ಹೇಳಿದ್ದೂ ಸರಿಯಾಗಿ ತಿಳಿಯುವುದಿಲ್ಲ. 1874ರಲ್ಲಿ ಜರ್ಮನಿಯ ವೆರ್ನಿಕೆ ಅಂಥವರ ಬಗ್ಗೆ ಬರೆದರು. ಅವರಿಗೂ ಹುಚ್ಚು ಹಿಡಿದಿಲ್ಲ. ಮನೆಯವರ ಮುಖ, ಪ್ರೀತಿ, ಅವಮಾನ ಎಲ್ಲ ಅವರಿಗೂ ಗೊತ್ತಾಗುತ್ತದೆ.

ಆಸ್ಪತ್ರೆಯಿಂದ ಬಂದು ಎರಡು ತಿಂಗಳಾಗಿತ್ತು. ಸಂಜೆ ಪೂಜೆ ಮುಗಿಸಿ ಮೊಮ್ಮಕ್ಕಳು ವಚನ ಹಾಡುತ್ತಿದ್ದರು. ನನಗೇ ಗೊತ್ತಿಲ್ಲದಂತೆ ಜೊತೆಗೆ ಹಾಡಿದೆ, ಅಂಕಿತದವರೆಗೂ ಒಂದು ಪದ ತಪ್ಪದೆ. ಎಲ್ಲರೂ ಅತ್ತರು. ಆಮೇಲೆ ಮನೆಯವಳು "ಹಾಲು ಕೊಡ್ಲಾ, ಕಾಫಿ ಕೊಡ್ಲಾ?" ಅಂದಳು. ನನ್ನ ಬಾಯಿಂದ ಒಂದು ಪದ ಹೊರಡಲಿಲ್ಲ. ಅಲ್ಲಿದ್ದ ನೆಂಟರೊಬ್ಬರು, "ಹಾಡೋಕೆ ಬರುತ್ತೆ, ಮಾತಾಡೋಕೆ ಬರಲ್ವಾ? ಎಲ್ಲ ನಾಟಕ" ಅಂದುಬಿಟ್ಟರು.

ನಾಟಕ ಅಲ್ಲ ಬಂಧುಗಳೇ. ಬಾಯಿಪಾಠವಾದದ್ದು, ಅಂದರೆ ಒಂದು ಎರಡು ಮೂರು, ಸೋಮವಾರ ಮಂಗಳವಾರ, ಹಾಡು, ಪ್ರಾರ್ಥನೆ, ಸಿಟ್ಟಿನ ಬೈಗುಳ ಕೂಡ, ಎಷ್ಟೋ ಸಲ ತಾನಾಗಿ ಬರುತ್ತದೆ. ನನ್ನ ಮನಸ್ಸಿನಲ್ಲಿರುವುದಕ್ಕೆ ನಾನೇ ಪದ ಹುಡುಕಿ ಜೋಡಿಸುವುದು ಬೇರೆ ಕೆಲಸ. ಕಷ್ಟವಾಗುವುದು ಅದು. ಹಾಡನ್ನೇ ಮೆಟ್ಟಿಲು ಮಾಡಿಕೊಳ್ಳುವ ಚಿಕಿತ್ಸೆಯೂ ಇದೆ. ನನಗೆ ಕಲಿಸಿದವರು ಎಡಗೈಯಲ್ಲಿ ತಾಳ ಹಾಕಿಸಿ "ನೀರು ಬೇಕು" ಎಂಬುದನ್ನು ರಾಗವಾಗಿ ಹೇಳಿಸಿದರು. ಆಮೇಲೆ ರಾಗ ಸಣ್ಣದಾಯಿತು, ಮಾತು ಉಳಿಯಿತು. ಎಲ್ಲರಿಗೂ ಇದೇ ಹೊಂದುತ್ತದೆ ಅಂತಲ್ಲ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಆದರೆ ಪಾವಗಡದವರಿಗೆ ತುಮಕೂರೇ ಸುಮಾರು 100 ಕಿಲೋಮೀಟರ್. ವಾರವಾರ ಹೋಗಲಾಗದವರು ಒಮ್ಮೆ ಹೋಗಿ ಕಲಿತು ಬಂದು ದಿನವೂ ಮನೆಯಲ್ಲಿ ಅಭ್ಯಾಸ ಮಾಡಬೇಕು. ಮೊದಲ ತಿಂಗಳುಗಳಲ್ಲಿ ಸುಧಾರಣೆ ಹೆಚ್ಚು, ನಿಜ. ಆದರೆ ವರ್ಷ ಕಳೆದ ಮೇಲೆ ಬಾಗಿಲು ಮುಚ್ಚಿತು ಅಂದುಕೊಳ್ಳಬೇಡಿ. ನನಗೆ ಈ ವರ್ಷವೂ ಹೊಸ ಪದಗಳು ಸಿಕ್ಕಿವೆ.

ಧೈರ್ಯ ಮಾತ್ರ ಆಸ್ಪತ್ರೆಯಲ್ಲಿ ಸಿಗುವುದಿಲ್ಲ. ಪಿಂಚಣಿಯ ಜೀವಿತ ಪ್ರಮಾಣಪತ್ರ ಕೊಡಲು ಮಗನ ಜೊತೆ ಹೋಗಿದ್ದೆ. ಅಲ್ಲಿದ್ದವರು ನನ್ನ ಕಡೆ ನೋಡದೆ ಮಗನನ್ನು ಕೇಳಿದರು: "ಇವರಿಗೆ ತಿಳುವಳಿಕೆ ಇದೆಯಾ?" ಸಾವಿರಾರು ಮಕ್ಕಳಿಗೆ ಅಕ್ಷರ ಕಲಿಸಿದವನು ನಾನು, ಅಲ್ಲೇ ನಿಂತಿದ್ದೆ. ಲಕ್ವಕ್ಕಿಂತ ಆ ಮಾತು ಹೆಚ್ಚು ನೋಯಿಸಿತು. ಆಮೇಲೆ ನಾಲ್ಕು ತಿಂಗಳು ಮನೆಬಿಟ್ಟು ಹೊರಡಲಿಲ್ಲ.

ಹೊರಡಿಸಿದವಳು ಮಗಳು. ಒಂದು ಚೀಟಿ ಬರೆದು ಜೇಬಿಗಿಟ್ಟಳು. "ಲಕ್ವ ಹೊಡೆದು ನನ್ನ ಮಾತು ನಿಧಾನವಾಗಿದೆ. ನೀವು ಹೇಳುವುದು ಅರ್ಥವಾಗುತ್ತದೆ. ಒಂದೊಂದೇ ಪ್ರಶ್ನೆ ಕೇಳಿ, ಕಾಯಿರಿ." ಎಲ್ಲಿ ಹೋದರೂ ಮೊದಲು ಇದನ್ನು ತೋರಿಸುತ್ತೇನೆ. ಮುಚ್ಚಿಟ್ಟರೆ ಭಯ, ಹೇಳಿಬಿಟ್ಟರೆ ಹಗುರ. ದಿನಕ್ಕೆ ಒಂದೇ ವ್ಯವಹಾರ ಒಬ್ಬನೇ ಮಾಡುವುದು ಅಂತ ನಿಯಮ ಹಾಕಿಕೊಂಡೆ. ಮೊದಲು ಅರ್ಧ ಲೀಟರ್ ಹಾಲು, ಆಮೇಲೆ ಕಟಿಂಗ್ ಶಾಪು, ಆಮೇಲೆ ಶಿರಾ ಬಸ್ಸು. ಸಣ್ಣ ಪುಸ್ತಕದಲ್ಲಿ ಊರು, ಸಾಮಾನು, ನೆಂಟರ ಹೆಸರು ಬರೆದಿದ್ದೇನೆ. ಪದ ಬಾರದಿದ್ದರೆ ಬೆರಳಿಟ್ಟು ತೋರಿಸುತ್ತೇನೆ, ಚಿತ್ರ ಬರೆಯುತ್ತೇನೆ, ಕೈಸನ್ನೆ ಮಾಡುತ್ತೇನೆ. "ಹೌದು" ಅನ್ನಬೇಕಾದಾಗ "ಇಲ್ಲ" ಬಂದುಬಿಡುತ್ತದೆ, ಅದಕ್ಕೆ ಹೆಬ್ಬೆರಳು ಎತ್ತುತ್ತೇನೆ. ಮರುವರ್ಷ ಅದೇ ಕೌಂಟರಿಗೆ ಹೋಗಿ ಚೀಟಿ ಇಟ್ಟೆ. ಈ ಸಲ ನನ್ನನ್ನೇ ಕೇಳಿದರು, ನಾನೇ ಉತ್ತರ ಕೊಟ್ಟೆ.

ಇನ್ನೊಂದು ವಿಷಯ ಅನೇಕರಿಗೆ ಗೊತ್ತಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಮಾತು ಮತ್ತು ಭಾಷೆಯ ವೈಕಲ್ಯ ಅವುಗಳಲ್ಲಿ ಒಂದು, ಅಲ್ಲಿ ಅಫೇಸಿಯಾದ ಹೆಸರೇ ಇದೆ. ಶಾಶ್ವತವಾಗಿ ಉಳಿದವರು ಪರೀಕ್ಷೆ ಮಾಡಿಸಿ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು.

ಪಾವಗಡ ಕಡೆಯ ನನ್ನ ಸ್ನೇಹಿತರೊಬ್ಬರು ಇಲ್ಲೇ ಕೂತಿದ್ದಾರೆ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಲಕ್ವದ ನಂತರ ಅವರಿಗೆ ಮೊದಲು ಬಂದದ್ದು ತೆಲುಗು. ಬೇಕಂತಲೇ ಕನ್ನಡ ಬಿಟ್ಟರು ಅಂತ ಜನ ಆಡಿಕೊಂಡರು. ಎರಡು ಭಾಷೆ ಬಲ್ಲವರಿಗೆ ಕೆಲವೊಮ್ಮೆ ಒಂದು ಮೊದಲು ಬರುತ್ತದೆ, ಯಾವುದು ಅಂತ ಮೊದಲೇ ಹೇಳಲಾಗದು. ಯಾವುದು ಬರುತ್ತದೋ ಅದರಲ್ಲಿ ಮಾತಾಡಿಸಿ. ಆ ಮಾತಿಗೆ ಹೆದರಿ ಅವರು ಮೂರು ವರ್ಷ ಯಾವ ಶರಣ ಸಂಗಮಕ್ಕೂ ಬರಲಿಲ್ಲ.

ನುಡಿ ಹೇಗಿರಬೇಕೆಂದು ಬಸವಣ್ಣನವರು ಹೇಳಿದ ವಚನವನ್ನು ಎಷ್ಟೋ ವೇದಿಕೆಗಳಲ್ಲಿ ಹೇಳಿದವನು ನಾನು. ಮಾತು ಹೋದ ಮೇಲೆ ಆ ವಚನ ಕೇಳಿದರೆ ತಲೆ ತಗ್ಗುತ್ತಿತ್ತು. ಈಗ ತಿಳಿಯುತ್ತಿದೆ, ಅದು ನಿರರ್ಗಳವಾಗಿ ಮಾತಾಡುವವರಿಗೆ ಕೊಟ್ಟ ಬಹುಮಾನ ಅಲ್ಲ. ಆಡಿದಂತೆ ನಡೆಯದವರಿಗೆ ಕೊಟ್ಟ ಎಚ್ಚರಿಕೆ. ಅನುಭವ ಮಂಟಪದಲ್ಲಿ ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ, ನುಲಿಯ ಚಂದಯ್ಯ ಮಾತಾಡಿದರು. ಅವರಿಗೆ ಬಾಯಿ ಅಲ್ಲಿ ಹೊಸದಾಗಿ ಬಂದದ್ದಲ್ಲ. ಅಲ್ಲಿ ಕೇಳುವವರು ಇದ್ದರು. ನಾವು ಅರಿವೇ ಗುರು ಅನ್ನುವವರು. ಅರಿವಿದ್ದೂ ಮಾತಿಲ್ಲದವನನ್ನು ಹಿಂದಿನ ಸಾಲಿಗೆ ಕಳಿಸಿದರೆ ನಾವು ಆಡಿದ್ದೇನು, ನಡೆದದ್ದೇನು?

ಆದ್ದರಿಂದ ಮೂರು ಬೇಡಿಕೆ. ಲಕ್ವ ಹೊಡೆದವರ ಮನೆಗೆ ಹೋದರೆ ಮನೆಯವರನ್ನಲ್ಲ, ಅವರನ್ನೇ ಮಾತಾಡಿಸಿ; ಟಿವಿ ಆರಿಸಿ, ಎದುರಿಗೆ ಕೂತು, ಚಿಕ್ಕ ಪ್ರಶ್ನೆ ಕೇಳಿ. ಅವರ ವಾಕ್ಯವನ್ನು ನೀವು ಮುಗಿಸಬೇಡಿ. ಕಿವುಡರಲ್ಲ, ಕೂಗಲೂ ಬೇಡಿ. ತಿಂಗಳ ಸಂಗಮದಲ್ಲಿ ಅಂಥವರಿಗೆ ಐದು ನಿಮಿಷ ಮೈಕು ಕೊಡಿ. ಕಾಯುವುದೂ ಒಂದು ದಾಸೋಹ.

ನನ್ನ ಐದು ನಿಮಿಷ ಯಾವಾಗಲೋ ಮುಗಿದಿದೆ, ಹಳೇ ಚಾಳಿ. ಈಗ ಮೈಕನ್ನು ಪಾವಗಡದ ಸ್ನೇಹಿತರಿಗೆ ಕೊಡುತ್ತಿದ್ದೇನೆ. ಅವರು ಮೂರು ಪದ ಅಭ್ಯಾಸ ಮಾಡಿಕೊಂಡು ಬಂದಿದ್ದಾರೆ. ಹೊತ್ತಾಗಬಹುದು. ಕಾಯೋಣ.