ಫೋಟೋದಲ್ಲಿ ರಾಕೆಟ್ ಎಲ್ಲಿದೆ?

(ಮಿಸ್ಸಿಸಾಗಾದಲ್ಲಿ ಕನ್ನಡ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತಿನ ಬರಹರೂಪ)



ಆಟಗಾರ್ತಿಯರ ಪ್ರಚಾರದ ಫೋಟೋಗಳ ಬಗ್ಗೆ ಮಾತಾಡ್ತೀನಿ ಅಂದಾಗ ಕೆಲವರು ನಕ್ಕಿರಿ. ನಗಿ, ಪರವಾಗಿಲ್ಲ. ಆದರೆ ಇಲ್ಲಿರೋ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಈಜಿಗೋ ಬ್ಯಾಡ್ಮಿಂಟನ್ನಿಗೋ ಹೋಗ್ತಾರೆ. ಅವರು ಗೋಡೆಗೆ ಅಂಟಿಸೋ ಚಿತ್ರ ಎಂಥದು ಅನ್ನೋದು ನಮ್ಮನೆ ವಿಷಯವೇ.

ಕೊಡಗಿನ ಅಶ್ವಿನಿ ನಾಚಪ್ಪ ಅವರನ್ನೇ ನೋಡಿ. ಪಿ.ಟಿ. ಉಷಾ ಅವರನ್ನು ಎರಡು ಸಲ ಸೋಲಿಸಿದ ಓಟಗಾರ್ತಿ, 1988ರ ಅರ್ಜುನ ಪ್ರಶಸ್ತಿ ಪಡೆದವರು. ಪತ್ರಿಕೆಗಳು ಇಟ್ಟ ಹೆಸರು 'ಭಾರತದ ಫ್ಲೋ-ಜೋ'. ಅಸಲಿ ಫ್ಲೋ-ಜೋ, ಅಮೆರಿಕದ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್, ಉದ್ದುದ್ದ ಬಣ್ಣದ ಉಗುರು, ಕಣ್ಣು ಕುಕ್ಕೋ ಉಡುಪಿನ ಜೊತೆಗೇ 1988ರಲ್ಲಿ 100 ಮೀಟರನ್ನು 10.49 ಸೆಕೆಂಡಿನಲ್ಲಿ ಓಡಿದರು. ಆ ದಾಖಲೆ ಇನ್ನೂ ಮುರಿದಿಲ್ಲ. ಅಂದರೆ ಅಲಂಕಾರಕ್ಕೂ ಓಟಕ್ಕೂ ಜಗಳವೇನಿಲ್ಲ. ಜಗಳ ಇರೋದು ನಾವು ಓಟ ಮರೆತು ಉಡುಪನ್ನಷ್ಟೇ ನೆನಪಿಟ್ಟುಕೊಂಡಾಗ. (ಅಶ್ವಿನಿಯವರ ಬದುಕಿನ ಮೇಲೆ, ಅವರನ್ನೇ ಹಾಕಿಕೊಂಡು, 1991ರಲ್ಲಿ ಸಿನಿಮಾ ಮಾಡಿದ್ದು ತೆಲುಗಿನವರು. ನಮ್ಮ ಗಾಂಧಿನಗರ ಆಗ ಏನು ಮಾಡ್ತಿತ್ತೋ!)

ಕನ್ನಡ ಪತ್ರಿಕೆಗಳೂ ಕಮ್ಮಿಯಿಲ್ಲ. ಸಾನಿಯಾ ಮಿರ್ಜಾ ಗೆದ್ದರೂ 'ಮೂಗುತಿ ಸುಂದರಿ', ಸೋತರೂ 'ಮೂಗುತಿ ಸುಂದರಿ'. ಕುಂಬ್ಳೆ ಅವರನ್ನು ಯಾರಾದರೂ 'ಮೀಸೆ ಸುಂದರ' ಅಂದ್ರಾ?

2011ರಲ್ಲಿ ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ದೊಡ್ಡ ಪಂದ್ಯಗಳಲ್ಲಿ ಹೆಂಗಸರು ಸ್ಕರ್ಟನ್ನೇ ಹಾಕಬೇಕು, ಆಟ ಆಕರ್ಷಕವಾಗಿ ಕಾಣಬೇಕು ಅಂತ. ಎಲ್ಲ ಕಡೆ ಗಲಾಟೆಯಾಗಿ 2012ರಲ್ಲಿ ಕೈಬಿಟ್ಟರು. ಅದೇ 2011ರಲ್ಲಿ ಲಂಡನ್ನಿನ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಕೊಡಗಿನ ಅಶ್ವಿನಿ ಪೊನ್ನಪ್ಪ, ಜ್ವಾಲಾ ಗುಟ್ಟಾ ಜೋಡಿ ಕಂಚು ಗೆದ್ದಿತು. ಆಕರ್ಷಣೆ ಬೇಕಿದ್ದರೆ ಅಲ್ಲೇ ಇತ್ತಲ್ಲ!

ಹಾಗಂತ ಮೈ ಮುಚ್ಚಿದ ಫೋಟೋ ಒಳ್ಳೇದು, ಕಂಡರೆ ಕೆಟ್ಟದ್ದು ಅನ್ನೋ ಅಜ್ಜಿ ಲೆಕ್ಕವೂ ನನಗೆ ಒಪ್ಪಿಗೆಯಿಲ್ಲ. ಕೆನಡಾದ ವಾಟರ್‌ಪೋಲೋ ಆಟಗಾರ್ತಿ ವನೀಕ್ ಹಾರ್ನ್-ಮಿಲ್ಲರ್ ಸಿಡ್ನಿ ಒಲಿಂಪಿಕ್ಸ್ ನಡೆದ 2000ದಲ್ಲಿ ಚೆಂಡೊಂದನ್ನೇ ಮರೆಯಾಗಿ ಹಿಡಿದು 'ಟೈಮ್' ಮುಖಪುಟದಲ್ಲಿ ನಿಂತರು. ಮೋಹಾಕ್ ಜನಾಂಗದ ಆಕೆಗೆ 1990ರ ಓಕಾ ಸಂಘರ್ಷದಲ್ಲಿ, ಹದಿನಾಲ್ಕನೇ ವಯಸ್ಸಿಗೆ, ಸೈನಿಕನ ಬಯೊನೆಟ್ ಎದೆಗೆ ಚುಚ್ಚಿತ್ತು. ಅಂಥ ಮೈಯನ್ನು ತಲೆಯೆತ್ತಿ ತೋರಿಸಿದ ಆ ಚಿತ್ರಕ್ಕೂ, ಸೋಪಿನ ಜಾಹೀರಾತಿಗೆ ಆಟಗಾರ್ತಿಯನ್ನು ಸೋಫಾ ಮೇಲೆ ಒರಗಿಸಿದ ಚಿತ್ರಕ್ಕೂ ಅಜಗಜಾಂತರ.

'ಹೀಗೆ ತೋರಿಸದಿದ್ರೆ ಜನ ನೋಡಲ್ಲ ಗುರು' ಅಂತೀರಾ? ಮಿನ್ನೆಸೋಟ ವಿಶ್ವವಿದ್ಯಾಲಯದ ಮೇರಿ ಜೋ ಕೇನ್ ತರಹೇವಾರಿ ಫೋಟೋಗಳನ್ನು ಜನರ ಮುಂದಿಟ್ಟು ಕೇಳಿದ್ದಾರೆ. ಪಂದ್ಯ ನೋಡೋಣ ಅನ್ನಿಸಿದ್ದು ಆಡುತ್ತಿರೋ ಚಿತ್ರ ನೋಡಿದಾಗ. ಮಾದಕ ಚಿತ್ರ ಕೆಲವು ಗಂಡಸರಿಗೆ ಇಷ್ಟವಾಯ್ತು ನಿಜ, ಆದರೆ ಅದರಿಂದ ಟಿಕೆಟ್ ಕೊಳ್ಳೋ ಆಸೆಯೇನೂ ಹುಟ್ಟಲಿಲ್ಲ.

ಈಗ ನಮ್ಮ ಕೂಟದ ಬ್ಯಾಡ್ಮಿಂಟನ್ ಪಂದ್ಯಾವಳಿಯ ಪೋಸ್ಟರಿಗೆ ಬರೋಣ. ಕರಡಿನಲ್ಲಿ ಹುಡುಗರು ಸ್ಮ್ಯಾಶ್ ಹೊಡೀತಿದ್ದಾರೆ, ಹುಡುಗಿಯರು ಲಂಗ ದಾವಣಿಯಲ್ಲಿ ರಾಕೆಟ್ಟನ್ನು ವೀಣೆ ಥರ ಹಿಡಿದು ನಗ್ತಿದ್ದಾರೆ. ಅಚ್ಚಿಗೆ ಹೋಗೋಕೆ ಇನ್ನೂ ಒಂದು ವಾರ ಇದೆ. ಯಾವ ಫೋಟೋ ಹಾಕಬೇಕು ಅಂತ ಆ ಹುಡುಗಿಯರನ್ನೇ ಕೇಳಿ. ದಾವಣಿಯದೇ ಬೇಕು ಅಂದ್ರೆ ಅದನ್ನೇ ಹಾಕೋಣ.